ಎಫ್ರೇಮನಿಗೆ ಗುರುತಿರುವ ಕಾರು

ಮಾರ್ಚ್ 3, ಶುಕ್ರವಾರ

ಕಾರನ್ನು ನಿಂತ ಜಾಗದಲ್ಲೇ ಬುಗುರಿಯ ಹಾಗೆ ತಿರುಗಿಸಬಹುದೆಂದು ಪ್ರಪಂಚಕ್ಕೆ ತೋರಿಸಿಕೊಟ್ಟವನು ನಾನು, ಫನ್ಯಾನ ಮಬೂಜ. ನನಗಿಂತ ಮೊದಲು ಆಫ್ರಿಕಾದ ಕಾರುಗಳೆಲ್ಲ ನೇರವಾಗಿ ಹೋಗಿ ನೇರವಾಗಿ ಬರುತ್ತಿದ್ದವು. ಈ ಕಾರನ್ನು ಕಟ್ಟಿದ ಜರ್ಮನಿಯ ಎಂಜಿನಿಯರುಗಳು ನನ್ನ ಫೋಟೋವನ್ನು ಗೋಡೆಗೆ ತೂಗುಹಾಕಿಕೊಂಡಿದ್ದಾರೆ. ನಾನು ಹೋಗಿ ನೋಡಿಲ್ಲ. ಆದರೆ ಹಾಕಿಕೊಳ್ಳದೆ ಇರುತ್ತಾರೆಯೇ?

ಇಷ್ಟು ದೊಡ್ಡ ಮನುಷ್ಯ ದಿನಚರಿ ಬರೆಯದಿದ್ದರೆ ಚೆನ್ನಾಗಿರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದೇನೆ. ಅಲ್ಲಿಗೆ ಮೇಷ್ಟರ ಬಳಿ ಕಲಿಸಲು ಇದ್ದದ್ದೆಲ್ಲ ಮುಗಿದುಹೋಯಿತು.

ವಿಷಯ ಇಷ್ಟೇ. ನನ್ನ ಗುಶೇಶೆ ಕೆಡುತ್ತಿದೆ. ಡಬ್ಬಿಯಂಥ ಮೂತಿ, ಎರಡೇ ಬಾಗಿಲು, ಆರು ಸಿಲಿಂಡರು, ಕೆಂಪು ಬಣ್ಣ. ಈ ಜಾತಿಯ ಕಾರಿಗೆ ಇಲ್ಲಿನವರು ಇಟ್ಟ ಹೆಸರು ಗುಶೇಶೆ. ನಮ್ಮ ಬಡಾವಣೆ ಕಾಟ್ಲೆಹಾಂಗಿನಲ್ಲಿ ಅದರ ಎಂಜಿನ್ ಸದ್ದು ಕೇಳಿದರೆ ಮೊಲೆ ಕಚ್ಚಿದ ಮಗುವೂ ಬಿಟ್ಟು ತಿರುಗಿ ನೋಡುತ್ತದೆ. ಆದರೆ ಈಚೆಗೆ ದೀಪ ಮಂಕು. ಬಲ್ಬ್ ಬದಲಾಯಿಸಿದೆ, ಮಂಕು. ಮುಂದಿನ ಗಾಜನ್ನು ಪಾಲಿಶ್ ಮಾಡಿಸಿದೆ, ಆಗಲೂ ಮಂಕು. ಸ್ಟೀರಿಂಗ್ ಬೇರೆ ಎಡಕ್ಕೆ ಎಳೆಯುತ್ತದೆ. ಇವತ್ತು ಮೈದಾನದಲ್ಲಿ ತಿರುಗಿಸುವಾಗ ಎಡಗಡೆ ಇಟ್ಟಿದ್ದ ಡ್ರಮ್ಮಿಗೆ ಹೊಡೆಯಿತು.

ಅಕ್ಕನ ಮಗಳು ಖೇತಿವೆ ಡ್ರಮ್ಮನ್ನು ಎತ್ತಿ ನಿಲ್ಲಿಸಿದಳು. ತಾಯಿಯ ತಮ್ಮನಾದ್ದರಿಂದ ಅವಳಿಗೆ ನಾನು ಮಲುಮೆ. ಉಳಿದ ಬೀದಿಗೆಲ್ಲ ನಾನು ಮಲುಮೆಯಾದದ್ದು ಕೀರ್ತಿಯಿಂದ.

"ಮಲುಮೆ, ಡ್ರಮ್ಮು ಕಾಣ್ಲಿಲ್ವಾ?"

"ಕಾಣ್ದೆ ಏನು? ಕಾರೇ ಅದರ ಕಡೆ ಎಳ್ಕೊಂಡು ಹೋಯ್ತು. ವಯಸ್ಸಾಯ್ತಲ್ಲ."

"ಯಾರಿಗೆ?"

ಇವಳ ತಾಯಿಯೂ ಹೀಗೇ. ಒಂದೇ ಮಾತು ಆಡುತ್ತಾಳೆ, ಅದು ಮೂರು ದಿನ ಚುಚ್ಚುತ್ತದೆ.

ಮಾರ್ಚ್ 12, ಭಾನುವಾರ

ಪರೀಕ್ಷೆಗೆಂದು ಖೇತಿವೆಯ ಕೈಗೆ ಕಾರು ಕೊಟ್ಟೆ. ಪೆಟ್ರೋಲ್ ಬಂಕಿನ ಕೆಲಸ ಮುಗಿಸಿ ಅದೇ ಸಮವಸ್ತ್ರದಲ್ಲಿ ಬಂದಿದ್ದಳು. ಅದೇ ಮೈದಾನ, ಅದೇ ಡ್ರಮ್ಮು. ಬಂಪರಿಗೂ ಡ್ರಮ್ಮಿಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಬಿಟ್ಟು ಸುತ್ತಿದಳು. ಟೈರಿನ ಹೊಗೆ ಎದ್ದು ಮೈದಾನದ ಗೋಲು ಕಂಬವೇ ಮುಚ್ಚಿಹೋಯಿತು. ಡ್ರಮ್ಮು ಅಲ್ಲಾಡಲಿಲ್ಲ.

ಅವಳು ಹಗುರ. ಹಗುರ ಇರುವವರು ಕೂತರೆ ಸ್ಟೀರಿಂಗ್ ಎಳೆಯುವುದಿಲ್ಲ. ಇದು ವಿಜ್ಞಾನ.

ಗೆಳೆಯ ಎಫ್ರೇಮ್ ಇದ್ದಿದ್ದರೆ ಕೇಳಬಹುದಿತ್ತು. ಈ ಕಾರನ್ನು ಕೊಳ್ಳುವ ದಿನ ನನ್ನ ಜೊತೆ ಬಂದು ಬೆಲೆ ಇಳಿಸಿದವನು ಅವನು. ನಾನು ತಿರುಗಿಸುತ್ತಿದ್ದರೆ ಎಡಗಡೆಯ ಕಿಟಕಿಯಿಂದ ಸೊಂಟದವರೆಗೆ ಆಚೆ ಬಂದು ನೇತಾಡುತ್ತಾ, "ಮಗು ಇದೆ ಕಣೋ, ಕಂಬ ಬಂತು ಕಣೋ" ಅಂತ ಕೂಗುತ್ತಿದ್ದ. ಲಾರಿ ಓಡಿಸುತ್ತಿದ್ದ. ಹೋದ ವರ್ಷ ವಾನ್ ರೀನನ್ ಘಾಟಿಯಲ್ಲಿ ಲಾರಿ ಮಗುಚಿತು. ಈಸ್ಟರ್ ಶನಿವಾರ ಅವನ ಸಮಾಧಿಯ ಕಲ್ಲಿನ ಮೇಲಿನ ಬಟ್ಟೆ ತೆಗೆಯುವ ಕಾರ್ಯ. ಅವತ್ತು ಅವನ ಮನೆ ಮುಂದೆ ಕಾರು ತಿರುಗಿಸುತ್ತೇನೆಂದು ಇಡೀ ಬೀದಿಗೆ ಮಾತು ಕೊಟ್ಟಿದ್ದೇನೆ.

ಸಂಜೆ ಒಫೆನ್ಸೆ ಅನ್ನುವ ಹುಡುಗ ಬಂದಿದ್ದ. ಶ್ರೀಮಂತರ ಕಡೆಯವನು, ಹಳೇ ಕಾರುಗಳನ್ನು ಕೂಡಿಹಾಕುವ ಖಯಾಲಿ. ಗುಶೇಶೆಯನ್ನು ಸುತ್ತಿ ಸುತ್ತಿ ನೋಡಿ, "ಅಂಕಲ್, ಕೊಡೋದಾದ್ರೆ ಹೇಳಿ" ಅಂದ. ನಗುತ್ತಾ ಬಾಗಿಲವರೆಗೆ ಬಿಟ್ಟುಬಂದೆ. ಅವನ ನಂಬರು ಮಾತ್ರ ಇಟ್ಟುಕೊಂಡಿದ್ದೇನೆ.

ಮಾರ್ಚ್ 18, ಶನಿವಾರ

ಗೇಟಿನಿಂದ ಹೊರಗೆ ತೆಗೆಯುವಾಗ ಎಡ ಚಕ್ರದ ಕೆಳಗೆ ಪಕ್ಕದ ಮನೆ ಮಗುವಿನ ಸೈಕಲ್ಲು.

ಮಗು ಸೈಕಲ್ಲಿನ ಮೇಲೆ ಇರಲಿಲ್ಲ. ಅಂಗಡಿಗೆ ಹೋಗಿತ್ತು.

ಇರಲಿಲ್ಲ.

ಮಾರ್ಚ್ 20, ಸೋಮವಾರ

ಮಾರಿಬಿಟ್ಟೆ. ಕೊಲೆಗಾರ ಕಾರನ್ನು ಯಾವ ಬುದ್ಧಿವಂತ ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ?

ಒಫೆನ್ಸೆ ಕೊಟ್ಟ ದುಡ್ಡಿಗೆ ನನ್ನದೊಂದು ಚೂರು, ಒಂದು ಕೋಳಿಯ ಬೆಲೆಯಷ್ಟು, ಸೇರಿಸಿ ಬೆಳ್ಳಿ ಬಣ್ಣದ ಹೊಸ ಮಾದರಿಯ ಸ್ಪೋರ್ಟ್ಸ್ ಕಾರು ತಂದಿದ್ದೇನೆ. ಇದಕ್ಕೆ ಸುತ್ತ ಕಣ್ಣಿದೆ. ಗೋಡೆ ಹತ್ತಿರ ಬಂದರೆ ಕೀಂ ಅನ್ನುತ್ತದೆ, ನಾಯಿ ಬಂದರೆ ಕೀಂ ಅನ್ನುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಕೀಂ ಕೀಂ ಅನ್ನುತ್ತಲೇ ಬಂತು. ಹೊಸದಲ್ಲವೇ, ಊರಿನ ಪರಿಚಯವಿಲ್ಲ.

ಒಫೆನ್ಸೆ ಗುಶೇಶೆಯನ್ನು ಓಡಿಸಿಕೊಂಡು ಹೋಗುವಾಗ ನಾನು ನೋಡಲಿಲ್ಲ. ಒಳಗೆ ಚಹಾಕ್ಕೆ ನೀರಿಟ್ಟಿದ್ದೆ. ಕರೆಂಟಿರಲಿಲ್ಲ, ಆದರೂ ಇಟ್ಟಿದ್ದೆ.

ಖೇತಿವೆ ಬಂದು ಖಾಲಿ ಜಾಗ ನೋಡಿದಳು. "ನನ್ನನ್ನೊಂದು ಮಾತು ಕೇಳ್ಬಾರದಿತ್ತಾ?" ಅಂದಳು. ಊಟ ಮಾಡದೆ ಹೋದಳು.

ಮಾರ್ಚ್ 26, ಭಾನುವಾರ

ಮೈದಾನದಲ್ಲಿ ಜನ ಸೇರಿತ್ತು. ಹೊಸ ಕಾರನ್ನು ನಡುವೆ ತಂದು, ಎಕ್ಸಲರೇಟರ್ ತುಳಿದು, ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಕಾರು ಅರ್ಧ ಸುತ್ತು ಬಂತು. ಆಮೇಲೆ ಒಳಗಿನ ಕಂಪ್ಯೂಟರಿಗೆ ನನ್ನ ಮೇಲೆ ಕನಿಕರ ಬಂದು ಬ್ರೇಕ್ ಹಾಕಿತು. ಮತ್ತೆ ತುಳಿದೆ, ಮತ್ತೆ ಹಾಕಿತು. ಹಳದಿ ದೀಪ ಹತ್ತಿಸಿ, ಪುಟ್ಟ ಕಾರು ಜಾರುತ್ತಿರುವ ಚಿತ್ರ ತೋರಿಸಿತು. ಜಾರಲಿ ಅಂತಲೇ ಅಲ್ಲವೇ ನಾನು ತುಳಿಯುತ್ತಿರುವುದು!

"ಮಲುಮೆ, ಅದಕ್ಕೆ ತಲೆ ಸುತ್ತುತ್ತಂತೆ, ನಿಂಬೆಹಣ್ಣು ಕೊಡಿ!" ಅಂತ ಒಬ್ಬ ಕೂಗಿದ. ಜನ ನೆಲಕ್ಕೆ ಬಿದ್ದು ನಕ್ಕರು. ನಾನೂ ಬಾಗಿಲು ತೆಗೆದು ಹೊರಬಂದು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾರ್ಚ್ 29, ಬುಧವಾರ

ಎಫ್ರೇಮನ ಹೆಂಡತಿ ಮಾಜ್ವಾನೆ ಬಂದಿದ್ದಳು. ಬೆಳ್ಳಿ ಕಾರು ಖೇತಿವೆಯ ಮನೆ ಹಿಂದೆ ನಿಂತಿದ್ದು ಒಳ್ಳೆಯದಾಯಿತು. ಮೈದಾನದ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ.

ಅವಳಿಗೆ ಪ್ರತಿದಿನ ಒಂದೇ ಕನಸಂತೆ. ಎಫ್ರೇಮ್ ಘಾಟಿಯ ರಸ್ತೆ ಪಕ್ಕ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ. ಕಾರುಗಳು ಹೋಗುತ್ತಿವೆ. ಯಾವುದಕ್ಕೂ ಕೈ ಅಡ್ಡ ಹಾಕುತ್ತಿಲ್ಲ.

ಹೋದ ವರ್ಷ ರಸ್ತೆ ಕುಸಿದು ಘಾಟಿ ಮುಚ್ಚಿತ್ತು. ನಮ್ಮ ಪದ್ಧತಿಯಂತೆ ಎಲಚಿ ಮುಳ್ಳಿನ ಕೊಂಬೆ ಹಿಡಿದು ಅವನು ಸತ್ತ ಜಾಗಕ್ಕೆ ಹೋಗಿ, ಅವನನ್ನು ಮಾತಾಡಿಸಿ ಮನೆಗೆ ಕರೆತರಬೇಕಿತ್ತು. ಆಸ್ಪತ್ರೆಯ ಶವಾಗಾರದಿಂದಲೇ ಕರೆದು ಮುಗಿಸಿದರು. ದೇಹ ಬಂತು, ಅವನು ಬರಲಿಲ್ಲ.

"ಯಜಮಾನ ಮನೇಲೇ ಇಲ್ದೆ ಕಲ್ಲಿನ ಬಟ್ಟೆ ತೆಗೆದು ಯಾರಿಗೆ ತೋರಿಸ್ಲಿ ಫನ್ಯಾನ? ಅವರಣ್ಣ ಜೊಸಾಯ ಕೊಂಬೆ ಹಿಡೀತಾನೆ. ನೀನು ಗುಶೇಶೆ ತಗೊಂಡು ಬಾ. ಬೇರೆ ಕಾರು ಹತ್ತಲ್ಲ ಅವರು. ನನಗೆ ಗೊತ್ತಲ್ಲ, ನನ್ನಪ್ಪನ ಕಾರಿಗೇ ಹತ್ತಿದವರಲ್ಲ."

ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಹೊರಗೆ ಬಂದದ್ದು, "ಪೇಂಟಿಗೆ ಕೊಟ್ಟಿದ್ದೀನಿ ಮಾಜ್ವಾನೆ. ಬರ್ತದೆ."

"ಗುರುವಾರ ಹೊರಡಬೇಕು. ಶನಿವಾರ ಕಾರ್ಯ."

"ಬರ್ತದೆ ಅಂದ್ನಲ್ಲ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಒಂದು ವರ್ಷದಿಂದ ನಿದ್ದೆ ಕಾಣದ ಹೆಂಗಸಿನ ಕೈ ಹೇಗಿರುತ್ತದೆಂದು ಬರೆಯಲು ಐದನೇ ಕ್ಲಾಸು ಸಾಲದು.

ಏಪ್ರಿಲ್ 1, ಶನಿವಾರ

ಒಫೆನ್ಸೆಯ ಮನೆಗೆ ಹೋಗಿದ್ದೆ. ಗುಶೇಶೆಯನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಿದ್ದಾನೆ. ಪಕ್ಕದಲ್ಲಿ ಸೋಫಾ. ಅದರ ಮೇಲೆ ಕೂತು ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಾನಂತೆ. ಟೈರಿಗೆ ಕಪ್ಪು ಬಣ್ಣ ಬಳಿದಿದ್ದಾನೆ. ನನ್ನ ಕಾರಿನ ಟೈರಿಗೆ ಬಣ್ಣ! ಹಸಿದ ಚಿರತೆಗೆ ಕೊರಳಪಟ್ಟಿ ಕಟ್ಟಿ ಹಾಲು ಇಟ್ಟ ಹಾಗಿತ್ತು.

"ಒಂದೇ ದಿನಕ್ಕೆ ಬಾಡಿಗೆಗೆ ಕೊಡಪ್ಪ," ಅಂದೆ. ಕಾರಣ ಹೇಳಿದೆ.

"ಮದ್ವೆಗೆ ಕೇಳಿದ್ರೆ ಕೊಡ್ತಿದ್ದೆ ಅಂಕಲ್. ಸತ್ತವರನ್ನ ಕೂರಿಸ್ಕೊಂಡು ಬರೋಕೆ ಇನ್ಶೂರೆನ್ಸ್‌ನೋರು ಒಪ್ಪಲ್ಲ."

"ನಿಮ್ಮ ಮನೇಲಿ ಯಾರೂ ಸತ್ತಿಲ್ವಾ?"

ಅವನು ಕಾಫಿ ಬಟ್ಟಲು ಕೆಳಗಿಟ್ಟ. "ಅಜ್ಜಿ ಸತ್ತಾಗ ಬಸ್ಸಲ್ಲಿ ಕರ್ಕೊಂಡು ಬಂದ್ವಿ. ಅವರಿಗೂ ಟಿಕೆಟ್ ತಗೊಂಡಿದ್ವಿ," ಅಂದ. ಮೆತ್ತಗಾದ ಅಂದುಕೊಂಡೆ. ಆದರೆ ದುಡ್ಡಿದ್ದವರು ಅಷ್ಟು ಸುಲಭಕ್ಕೆ ಮೆತ್ತಗಾಗುವುದಿಲ್ಲ. "ಬಾಡಿಗೆ ಬೇಡ. ವಾಪಸ್ ಬೇಕಂದ್ರೆ ತಗೊಳ್ಳಿ. ನಿಮ್ಮ ಬೆಳ್ಳಿ ಕಾರು ಕೊಡಿ, ಮೇಲೆ ಸ್ವಲ್ಪ ದುಡ್ಡು ಕೊಡಿ."

ಅವನ ಸ್ವಲ್ಪವನ್ನು ಕೇಳಿ ನಾನು ಸೋಫಾದ ಮೇಲೆ ಕೂತೆ. ಕೂತಿದ್ದು ಸೋಫಾ ಹೇಗಿದೆ ಅಂತ ನೋಡಲು.

ಏಪ್ರಿಲ್ 4, ಮಂಗಳವಾರ

ಗುಶೇಶೆ ಮನೆಯಲ್ಲಿದೆ. ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ ನನ್ನದೊಂದು ಕುಂಟ ಕರು ಮಾರಿಸಿದೆ, ಅಷ್ಟೇ. ಹಿಂಡಿಗೆ ಹಿಂಡೇ ಇರುವವನಿಗೆ ಒಂದು ಕರು ಯಾವ ಲೆಕ್ಕ? ತಮ್ಮ ಫೋನಿನಲ್ಲಿ ಅದೇ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿದ. ಹಳ್ಳಿಯ ಸಿಗ್ನಲ್ಲೇ ಹಾಗೆ.

ಖೇತಿವೆ ಬಾನೆಟ್ಟಿನ ಮೇಲೆ ಕೆನ್ನೆ ಇಟ್ಟು ನಿಂತಿದ್ದಳು. ಆಮೇಲೆ ಅಂದಳು, "ಗುರುವಾರ ನಾನು ಓಡಿಸ್ತೀನಿ ಮಲುಮೆ."

"ಎಫ್ರೇಮನಿಗೆ ನನ್ನ ಕೈ ಗುರುತು. ಹುಡುಗೀರು ಓಡಿಸಿದ್ರೆ ಹತ್ತದೆ ನಿಂತ್ಕೊಂಡಾನು."

"ಆ ಘಾಟಿಲಿ ಮಂಜಿರುತ್ತೆ."

"ಮಂಜಿಗೇ ನಾನು ಅಂದ್ರೆ ಭಯ."

ಅವಳು ನಗಲಿಲ್ಲ. "ಹಾಗಾದ್ರೆ ನಾನೂ ಬರ್ತೀನಿ. ಹಿಂದೆ ಕೂತ್ಕೋತೀನಿ."

ಏಪ್ರಿಲ್ 6, ಗುರುವಾರ

ಎಲ್ಲ ಬರೆಯಬೇಕು. ಅಕ್ಷರ ಸೊಟ್ಟಗೆ ಬರುತ್ತಿದೆ. ಸ್ಟೀರಿಂಗ್ ಹಿಡಿದು ಹಿಡಿದು.

ನಸುಕಿಗೇ ಹೊರಟೆವು. ಎಫ್ರೇಮನ ಅಣ್ಣ ಜೊಸಾಯ ಎಡಗಡೆ ಕೂತ. ಚರ್ಚಿಗೆ ಹೋಗುವ ಕರಿ ಕೋಟು, ಮಡಿಲಲ್ಲಿ ಎಲಚಿ ಕೊಂಬೆ. ನನ್ನನ್ನು ಕಂಡರೆ ಅವನಿಗೆ ಆಗುವುದಿಲ್ಲ. ತಮ್ಮನನ್ನು ಕಿಟಕಿಯಲ್ಲಿ ನೇತಾಡಿಸಿ ಕೆಡಿಸಿದವನು ನಾನೇ ಅಂತ. ಹೋಗುವ ದಾರಿಯುದ್ದಕ್ಕೂ ಬೈದ. "ನಿಧಾನ ಹೋಗು. ಲೇನು ಬಿಡಬೇಡ. ಏನಯ್ಯ, ಬೋರ್ಡು ಕಾಣ್ಲಿಲ್ವಾ?" ಈಸ್ಟರಿಗೆ ಸಮುದ್ರದ ಕಡೆ ಹೋಗುವ ಕಾರುಗಳಿಂದ ರಸ್ತೆ ತುಂಬಿತ್ತು. ಹ್ಯಾರಿಸ್ಮಿತ್ ದಾಟಿ ಘಾಟಿ ಇಳಿಯುವಾಗ ಮಂಜು ಶುರುವಾಯಿತು.

ಲಾರಿ ಮಗುಚಿದ ಜಾಗದಲ್ಲಿ ತಡೆಗೋಡೆಯ ಹೊಸ ತುಂಡು ಇನ್ನೂ ಹೊಳೆಯುತ್ತಿದೆ. ಜೊಸಾಯ ಹುಲ್ಲಿನ ಮೇಲೆ ಮಂಡಿಯೂರಿ ಕೊಂಬೆಯ ತುದಿಯನ್ನು ನೆಲಕ್ಕೆ ತಾಗಿಸಿದ. ಅಲ್ಲಿಯವರೆಗೆ ನನ್ನನ್ನು ಬೈದ ಬಾಯಿಯೇ ಅದು ಅಂತ ಯಾರೂ ನಂಬುತ್ತಿರಲಿಲ್ಲ.

"ಎಫ್ರೇಮ್, ನಾನಪ್ಪ, ನಿಮ್ಮಣ್ಣ. ತಡವಾಯ್ತು, ಕೋಪ ಮಾಡ್ಕೋಬೇಡ. ನಿನ್ನ ಹೆಂಡ್ತಿ ನಿದ್ದೆ ಮಾಡಿಲ್ಲ. ಏಳು, ಮನೆಗೆ ಹೋಗೋಣ. ಕಾರು ನೋಡು, ನಿನಗೆ ಗುರುತಿರೋದೇ."

ನಾನು ಎಂಜಿನ್ನನ್ನು ಒಂದು ಸಲ ಜೋರಾಗಿ ಗುಡುಗಿಸಿದೆ. ಅವನಿಗೆ ಕೇಳಲಿ ಅಂತ. ಕಣ್ಣಿಗೆ ಮಂಜು ಹೋಗಿ ನೀರು ಬಂತು.

ಕೊಂಬೆ ಎತ್ತಿದ ಮೇಲೆ ಅದನ್ನು ಹಿಡಿದವನು ಸತ್ತವನ ಜೊತೆ ಬಿಟ್ಟು ಬೇರೆ ಯಾರ ಜೊತೆಯೂ ಮಾತಾಡುವಂತಿಲ್ಲ. ಮನೆ ಸೇರುವವರೆಗೆ. ಒಂದು ಮಾತು ಬೇರೆಯವರಿಗೆ ಹೋದರೆ ಸತ್ತವನು ಅಲ್ಲೇ ಇಳಿದುಬಿಡುತ್ತಾನೆ. ಆದ್ದರಿಂದ ವಾಪಸು ದಾರಿ ನೆಮ್ಮದಿ ಅಂದುಕೊಂಡಿದ್ದೆ. ಬೈಗುಳ ಇರುವುದಿಲ್ಲವಲ್ಲ.

"ಎಫ್ರೇಮ್, ಈಗ ಹೊರಟ್ವಿ. ಎಫ್ರೇಮ್, ಈಗ ಏರು ಹತ್ತುತ್ತಾ ಇದ್ದೀವಿ," ಅಂತ ಜೊಸಾಯ ಹೇಳುತ್ತಾ ಬಂದ. ಮಂಜು ಹಾಲಿನ ಹಾಗೆ ಗಟ್ಟಿಯಾಗಿತ್ತು. ಬಲಗಡೆಯ ಬಿಳಿ ಗೆರೆ ಹಿಡಿದುಕೊಂಡು ಹೋಗುತ್ತಿದ್ದೆ. ಎಡಗಡೆ ಏನೂ ಇರಲಿಲ್ಲ. ಬರೀ ಬಿಳುಪು.

ಜೊಸಾಯನ ದನಿ ಇದ್ದಕ್ಕಿದ್ದಂತೆ ಏರಿತು. "ಎಫ್ರೇಮ್, ಎಡಗಡೆ ಲಾರಿ ನಿಂತಿದೆ. ದೀಪ ಇಲ್ಲ." ಸತ್ತವನಿಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಹೇಳುತ್ತಿದ್ದದ್ದೂ ಅವನಿಗೇ. "ಎಫ್ರೇಮ್! ನಿನ್ನ ಗೆಳೆಯನಿಗೆ ಕಾಣ್ತಿಲ್ಲ ಕಣೋ! ಬ್ರೇಕ್ ಹಾಕು ಅನ್ನೋ! ಎಫ್ರೇಮ್, ಹೇಳೋ ಅವನಿಗೆ!"

ಬಿಳುಪಿನೊಳಗಿಂದ ಲಾರಿಯ ಹಿಂಭಾಗ ಮನೆಯ ಗೋಡೆಯ ಹಾಗೆ ಬಂತು. ಬ್ರೇಕ್ ತುಳಿದೆ, ಸ್ಟೀರಿಂಗ್ ಬಲಕ್ಕೆ ಎಸೆದೆ. ಒದ್ದೆ ರಸ್ತೆಯಲ್ಲಿ ಗುಶೇಶೆಯ ಬಾಲ ಹಾರಿತು. ಒಂದು ಪೂರ್ತಿ ಸುತ್ತು. ಲಾರಿ ಹೋಯಿತು, ತಡೆಗೋಡೆ ಹೋಯಿತು, ಹಿಂದೆ ಬರುತ್ತಿದ್ದ ಯಾರದೋ ದೀಪ ಹೋಯಿತು, ಮತ್ತೆ ಲಾರಿ ಬಂತು. ಅದರ ಪಕ್ಕದಲ್ಲಿ, ನೇರವಾಗಿ, ನಿಂತಿತು. ಹಿಂದಿನ ಕಾರು ಹಾರ್ನ್ ಬಾರಿಸುತ್ತಾ ಬಲಗಡೆಯಿಂದ ಹೋಯಿತು.

ಕೈಚಳಕ ಇಲ್ಲದಿದ್ದರೆ ನಾಲ್ವರೂ ಹೋಗುತ್ತಿದ್ದೆವು. ಮೂವರು, ಸರಿ. ಎಫ್ರೇಮ್ ಆಗಲೇ ಹೋಗಿದ್ದನಲ್ಲ.

ಖೇತಿವೆ ಹಿಂದಿನಿಂದ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ಜೊಸಾಯ ಕೊಂಬೆಯನ್ನು ಎದೆಗೆ ಒತ್ತಿಕೊಂಡು, ಮುಂದೆಯೇ ನೋಡುತ್ತಾ, ಮೆಲ್ಲಗೆ ಹೇಳಿದ, "ಎಫ್ರೇಮ್, ಇದೇ ಘಾಟಿಲಿ ಒಂದ್ಸಲ ಸತ್ತಿದ್ದೀಯ. ಎರಡನೇ ಸಲ ಬೇಡ. ಕೀಲಿ ಹುಡುಗಿಗೆ ಕೊಡು ಅಂತ ನಿನ್ನ ಗೆಳೆಯನಿಗೆ ಹೇಳು."

ನನಗೂ ರೇಗಿತು. "ಎಫ್ರೇಮ್, ದೀಪ ಹಾಕದೆ ನಿಲ್ಲಿಸಿದ್ದು ಲಾರಿಯವನ ತಪ್ಪು ಅಂತ ನಿಮ್ಮಣ್ಣನಿಗೆ ಹೇಳು!"

"ಎಫ್ರೇಮ್, ಲಾರಿ ನನಗೆ ಅಷ್ಟು ದೂರದಿಂದ್ಲೇ ಕಾಣ್ತು ಅಂತ ಅವನಿಗೆ ಹೇಳು."

ಎಫ್ರೇಮ್ ಯಾರ ಪಕ್ಷವನ್ನೂ ವಹಿಸಲಿಲ್ಲ. ಬದುಕಿದ್ದಾಗಲೂ ಹಾಗೇ.

"ಮಲುಮೆ," ಖೇತಿವೆ ಅಂದಳು. ಅಷ್ಟೇ ಅಂದಳು.

ನನ್ನ ಬಲಗಾಲು ಜೋಮು ಹಿಡಿದಿತ್ತು. ಆದ್ದರಿಂದ ಇಳಿದು ಹಿಂದೆ ಹೋಗಿ ಕೂತೆ. "ಎಫ್ರೇಮ್, ಈಗ ಹುಡುಗಿ ಓಡಿಸ್ತಾಳೆ. ಹೆದರ್ಬೇಡ, ಇವಳು ರಸ್ತೆ ನೋಡ್ಕೊಂಡು ಓಡಿಸ್ತಾಳೆ," ಅಂದ ಜೊಸಾಯ. ಸತ್ತವರ ನೆಪದಲ್ಲಿ ಬದುಕಿದ್ದವರನ್ನು ಚುಚ್ಚುವುದು ಅಂದರೆ ಇದು.

ಸುಂಕದ ಗೇಟಿನ ಹೆಂಗಸು ಜೊಸಾಯನಿಗೆ ಹಬ್ಬದ ಶುಭಾಶಯ ಹೇಳಿದಳು. ಅವನು ಕಲ್ಲಿನ ಹಾಗೆ ಕೂತಿದ್ದ. ಕೊಂಬೆ ಕಂಡು ಅವಳು ತಲೆ ಬಗ್ಗಿಸಿ ಗೇಟು ಎತ್ತಿದಳು. ದುಡ್ಡನ್ನೇನೂ ಬಿಡಲಿಲ್ಲ.

ಹ್ಯಾರಿಸ್ಮಿತ್ ದಾಟಿ ಎಷ್ಟೋ ದೂರ ಬಂದರೂ ಎಡಗಡೆ ಇನ್ನೂ ಮಂಜಿತ್ತು. "ಇವತ್ತು ಈ ಮಂಜು ಬಿಡಲ್ಲ," ಅಂದೆ.

ಖೇತಿವೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಬಿಸಿಲು ಬಂದು ಬಹಳ ಹೊತ್ತಾಯ್ತು ಮಲುಮೆ."

ಮಂಜು ಒಬ್ಬೊಬ್ಬರಿಗೆ ಒಂದೊಂದು ಥರ.

ಮಾಜ್ವಾನೆ ಗೇಟಿನಲ್ಲೇ ನಿಂತಿದ್ದಳು. ಜೊಸಾಯ ಯಾರನ್ನೂ ನೋಡದೆ ನಡೆದು ಒಳಕೋಣೆಯಲ್ಲಿ ಕೊಂಬೆ ಇಟ್ಟು, "ಎಫ್ರೇಮ್, ಇದು ನಿನ್ನ ಮನೆ," ಅಂದ. ಹೊರಗೆ ಬಂದು ನನ್ನ ಮುಂದೆ ನಿಂತ. ಈಗ ಮಾತಾಡಬಹುದಿತ್ತು. ಒಂದು ಬೈಗುಳವಾದರೂ ಬರುತ್ತದೆಂದು ಕಾದೆ. ನನ್ನ ಕೋಟಿನ ಗುಂಡಿ ಸರಿಮಾಡಿ ಹೋದ.

ಏಪ್ರಿಲ್ 8, ಶನಿವಾರ

ಕಲ್ಲಿನ ಬಟ್ಟೆ ತೆಗೆದರು. ಒಳ್ಳೇ ಕಪ್ಪು ಕಲ್ಲು. ಮಾಜ್ವಾನೆ ಎರಡು ರಾತ್ರಿ ನಿದ್ದೆ ಮಾಡಿದ್ದಾಳೆ. ಮುಖವೇ ಹೇಳುತ್ತಿತ್ತು.

ಊಟವಾದ ಮೇಲೆ ಬೀದಿ ತುಂಬ ಜನ. "ಮಲುಮೆ! ಮಲುಮೆ!" ಅಂತ ಕೂಗು. ಮಕ್ಕಳು ಮುಂದೆ ಮುಂದೆ ನುಗ್ಗುತ್ತಿದ್ದವು. ನಾನು ಹೊಸ ಬೂಟು ಹಾಕಿದ್ದೆ, ಪೆಡಲಿಗೆ ಹೊಂದುವುದಿಲ್ಲ. ಖೇತಿವೆಗೆ ಕೀಲಿ ಎಸೆದೆ. ಮಕ್ಕಳನ್ನು ಹಗ್ಗದ ಹಿಂದಕ್ಕೆ ತಳ್ಳುವ ಕೆಲಸ ನಾನು ಹಿಡಿದೆ. ಎಡಗಡೆಯವರನ್ನು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಕಳಿಸಿದೆ. ಪಕ್ಕದ ಮನೆಯ ಆ ಸೈಕಲ್ಲಿನ ಮಗುವನ್ನು ಮಾತ್ರ ಹೆಗಲ ಮೇಲೆ ಕೂರಿಸಿಕೊಂಡಿದ್ದೆ. ಎಲ್ಲಿ ಹೋಗಿಬಿಡುತ್ತದೋ ಅಂತ.

ಹುಡುಗಿ ಚೆನ್ನಾಗಿ ತಿರುಗಿಸಿದಳು. ಹೊಗೆಯಲ್ಲಿ ಕೆಂಪು ಬಣ್ಣ ಬಂದು ಹೋಗುತ್ತಿತ್ತು. ನನ್ನಷ್ಟಿಲ್ಲ. ಹೆಚ್ಚು ಕಡಿಮೆ ನನ್ನಷ್ಟು.

ಏಪ್ರಿಲ್ 10, ಸೋಮವಾರ

ಗುಶೇಶೆ ಇಲ್ಲೇ ಇರುತ್ತದೆ. ಕೊಡುವ ಮಾತಿಲ್ಲ. ದಿನಾ ಖೇತಿವೆ ಬಂದು ಸ್ಟಾರ್ಟ್ ಮಾಡಿಕೊಂಡು ಹೋಗುತ್ತಾಳೆ. ಬುಧವಾರ ನನ್ನನ್ನು ಯಾವುದೋ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳಂತೆ. ಹೋಗುತ್ತೇನೆ, ಅವಳಿಗೆ ಒಬ್ಬಳೇ ಹೋಗಲು ಬೇಸರ.

ಸಂಜೆ ಮಾಜ್ವಾನೆ ಕಾರ್ಯದಲ್ಲಿ ಉಳಿದ ಮಾಂಸ, ಜೋಳದ ಮುದ್ದೆ ತಂದಿದ್ದಳು. ಕಾರಿನ ಮೈ ಸವರಿ, "ಪೇಂಟಿನವನು ಎಷ್ಟು ತಗೊಂಡ ಫನ್ಯಾನ? ನಾನೂ ಒಂದಿಷ್ಟು ಕೊಡ್ತೀನಿ, ನಮ್ಮವರಿಗೋಸ್ಕರ ಅಲ್ವಾ," ಅಂದಳು. "ನನ್ನ ಶಿಷ್ಯ ಅವನು, ಬಿಟ್ಟಿ ಮಾಡ್ಕೊಟ್ಟ," ಅಂದೆ. ನಂಬಿದಳು.

ಕೋಳಿಯ ಬೆಲೆ ಅಂತ ಬರೆದಿದ್ದು ಸುಳ್ಳು. ಕುಂಟ ಕರುವೂ ಸುಳ್ಳು. ಬೆಳ್ಳಿ ಕಾರಿಗೆ ನಾನು ಸೇರಿಸಿದ್ದು ಇಪ್ಪತ್ತು ಸಾವಿರ ರ‍್ಯಾಂಡ್, ಮುದಿಗಾಲಕ್ಕೆಂದು ಇಟ್ಟಿದ್ದು. ಒಫೆನ್ಸೆಗೆ ಮೇಲೆ ಕೊಟ್ಟದ್ದು ಮೂವತ್ತೈದು ಸಾವಿರ. ಅದು ಮೂರು ಹಸುಗಳ ಬೆಲೆ. ಮೂರೂ ಒಳ್ಳೇ ಹಸುಗಳು, ಇದ್ದದ್ದೂ ಮೂರೇ. ಕಾಗದ, ನಂಬರ್ ಪ್ಲೇಟು ಅಂತ ಎರಡು ಸಲ ಓಡಾಡಿದ್ದಕ್ಕೆ ಎರಡು ಸಾವಿರದ ಆರುನೂರು.

ಒಟ್ಟು ಐವತ್ತೇಳು ಸಾವಿರದ ಆರುನೂರು ರ‍್ಯಾಂಡ್.